ಪಂಪಿನ ದರ ಬೆಳಿಗ್ಗೆ ಆರಕ್ಕೆ ಏರುತ್ತದೆ, ಬಾಡಿಗೆ ಯಾವಾಗ?

2025ರ ಏಪ್ರಿಲ್ ಮೊದಲ ವಾರವನ್ನು ಒಮ್ಮೆ ನೆನಪಿಸಿಕೊಳ್ಳಿ. ಏಪ್ರಿಲ್ 1ರಂದು ಕರ್ನಾಟಕದಲ್ಲಿ ಡೀಸೆಲ್ ಲೀಟರಿಗೆ 2 ರೂಪಾಯಿ ಜಾಸ್ತಿಯಾಯಿತು. ಅದರ ಬೆನ್ನಿಗೇ ಜಗತ್ತಿನ ಮಾರುಕಟ್ಟೆಯಲ್ಲಿ ಕಚ್ಚಾ ತೈಲ ಕುಸಿದು, ಬ್ಯಾರಲ್‌ಗೆ 60 ಡಾಲರ್ ಆಸುಪಾಸಿಗೆ ಬಂತು. ನಾಲ್ಕು ವರ್ಷಗಳಲ್ಲಿ ಅಷ್ಟು ಕಡಿಮೆ ಬೆಲೆ ಇರಲಿಲ್ಲ. ಏಪ್ರಿಲ್ 8ರಿಂದ ಕೇಂದ್ರ ಸರ್ಕಾರ ಪೆಟ್ರೋಲ್, ಡೀಸೆಲ್ ಎರಡರ ಮೇಲೂ ಎಕ್ಸೈಸ್ ಸುಂಕವನ್ನು 2 ರೂಪಾಯಿ ಏರಿಸಿತು. ಪಂಪಿನ ಬೋರ್ಡಿನಲ್ಲಿ ಮಾತ್ರ ಈ ಏರಿಕೆ ಕಾಣಲೇ ಇಲ್ಲ. ಇನ್ನೊಂದು ವಾರಕ್ಕೆ ರಾಜ್ಯದ ಲಾರಿ ಮಾಲೀಕರು ಮುಷ್ಕರಕ್ಕೆ ಇಳಿದರು.

ತೈಲ ಅಗ್ಗ, ಸುಂಕ ಜಾಸ್ತಿ, ಪೆಟ್ರೋಲ್ ಇದ್ದಲ್ಲೇ, ಡೀಸೆಲ್ ಮೇಲಕ್ಕೆ. ಕಲಬುರಗಿಯ ಟಂಟಂ (ಸೀಟು ಲೆಕ್ಕದಲ್ಲಿ ಜನರನ್ನು ಒಯ್ಯುವ ದೊಡ್ಡ ಆಟೋ) ಚಾಲಕನಿಗೋ ಸೇಡಂನ ಸಿಮೆಂಟ್ ಲಾರಿಯವನಿಗೋ ಇದರ ತಲೆಬುಡ ತಿಳಿಯದಿದ್ದರೆ ತಪ್ಪು ಅವರದ್ದಲ್ಲ. ಪ್ರತಿ ಸಲ ದರದ ಸುದ್ದಿ ಬಂದಾಗಲೂ ಇದೇ ಗೊಂದಲ. ಹಾಗಾಗಿ ಬೋರ್ಡಿನ ಮೇಲಿನ ಆ ಅಂಕಿ ಹೇಗೆ ಹುಟ್ಟುತ್ತದೆ, ಅದು ಯಾಕೆ ಒಮ್ಮೆಲೇ ಜಿಗಿಯುತ್ತದೆ, ಜಿಗಿದಾಗ ಹೊರೆ ಕೊನೆಗೆ ಯಾರ ಮೇಲೆ ಕೂರುತ್ತದೆ ಎಂದು ಒಂದೊಂದಾಗಿ ಬಿಡಿಸಿ ನೋಡಬೇಕು.

ಒಂದು ಲೀಟರಿನೊಳಗೆ ಏನೇನಿದೆ

ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರದೇಶದ್ದು. ಕೊಳ್ಳುವುದು ಡಾಲರ್ ಕೊಟ್ಟು. ಒಂದು ಬ್ಯಾರಲ್ ಅಂದರೆ ಸುಮಾರು 159 ಲೀಟರ್. ಡಾಲರಿಗೆ 85 ರೂಪಾಯಿ ಅಂತ ಇಟ್ಟುಕೊಳ್ಳಿ. ಬ್ಯಾರಲ್ ಬೆಲೆ 10 ಡಾಲರ್ ಏರಿದರೆ ಲೀಟರಿಗೆ 5 ರೂಪಾಯಿ 35 ಪೈಸೆಯಷ್ಟು ಭಾರ ಬೀಳುತ್ತದೆ. ತೈಲದ ಬೆಲೆ ಅಲ್ಲಾಡದೆ ರೂಪಾಯಿ ಮಾತ್ರ ಬಿದ್ದರೂ ಭಾರ ತಪ್ಪಿದ್ದಲ್ಲ. ಬ್ಯಾರಲ್ 80 ಡಾಲರ್ ಇದ್ದಾಗ ಡಾಲರ್ ಒಂದು ರೂಪಾಯಿ ತುಟ್ಟಿಯಾದರೆ ಲೀಟರಿಗೆ 50 ಪೈಸೆ ಏರಿದ ಹಾಗೆ.

ಇದರ ಮೇಲೆ ಶುದ್ಧೀಕರಣ, ಸಾಗಣೆ, ಪಂಪಿನವರ ಕಮಿಷನ್. ಡಿಪೋದಿಂದ ಟ್ಯಾಂಕರ್ ಎಷ್ಟು ದೂರ ಬರಬೇಕು ಎನ್ನುವುದರ ಮೇಲೆ ಬೆಂಗಳೂರಿನ ದರಕ್ಕೂ ಬೀದರ್ ದರಕ್ಕೂ, ಅಷ್ಟೇ ಏಕೆ, ಒಂದೇ ಜಿಲ್ಲೆಯ ಎರಡು ಊರುಗಳ ದರಕ್ಕೂ ಪೈಸೆಗಳ ವ್ಯತ್ಯಾಸ ಇರುತ್ತದೆ. ಅದರಲ್ಲಿ ಮೋಸವೇನಿಲ್ಲ.

ನಂತರ ಬರುವುದು ಎರಡು ತೆರಿಗೆ. ಕೇಂದ್ರದ ಎಕ್ಸೈಸ್ ಸುಂಕ ಲೀಟರಿಗೆ ಇಷ್ಟು ರೂಪಾಯಿ ಎಂದು ಕಟ್ಟಿಟ್ಟದ್ದು. 2025ರ ಏಪ್ರಿಲ್ ಏರಿಕೆಯ ನಂತರ ಅದು ಪೆಟ್ರೋಲಿಗೆ 21.90 ರೂಪಾಯಿ, ಡೀಸೆಲಿಗೆ 17.80 ರೂಪಾಯಿ ಆಯಿತು. ರಾಜ್ಯದ ಮಾರಾಟ ತೆರಿಗೆ ಶೇಕಡಾ ಲೆಕ್ಕದ್ದು. ಕರ್ನಾಟಕದಲ್ಲಿ ಪೆಟ್ರೋಲ್ ಮೇಲೆ 2024ರ ಜೂನ್ 15ರಂದು ಇದು ಶೇ 25.92ರಿಂದ ಶೇ 29.84ಕ್ಕೆ ಏರಿತು. ಡೀಸೆಲ್ ಮೇಲೆ ಅದೇ ದಿನ ಶೇ 18.44ಕ್ಕೆ ಹೋಗಿ, 2025ರ ಏಪ್ರಿಲ್ 1ರಂದು ಶೇ 21.17 ಆಯಿತು.

ಕಟ್ಟಿಟ್ಟ ಸುಂಕಕ್ಕೂ ಶೇಕಡಾ ತೆರಿಗೆಗೂ ದೊಡ್ಡ ವ್ಯತ್ಯಾಸ ಇದೆ. ಮೂಲ ಬೆಲೆ 10 ರೂಪಾಯಿ ಏರಿದರೆ ಕೇಂದ್ರಕ್ಕೆ ಒಂದು ಪೈಸೆಯೂ ಜಾಸ್ತಿ ಸಿಗುವುದಿಲ್ಲ. ರಾಜ್ಯಕ್ಕೆ ಮಾತ್ರ ಏನೂ ಮಾಡದೆಯೇ ಸಿಗುತ್ತದೆ. ಶೇ 29.84ರ ಲೆಕ್ಕದಲ್ಲಿ ಆ 10 ರೂಪಾಯಿ ಪಂಪಿನಲ್ಲಿ ಸುಮಾರು 13 ರೂಪಾಯಿಯಾಗಿ ಕಾಣುತ್ತದೆ, ಡೀಸೆಲ್ ಆದರೆ 12ಕ್ಕೆ ತುಸು ಮೇಲೆ. ಯಾವ ಸರ್ಕಾರವೂ ಆದೇಶ ಹೊರಡಿಸಿರುವುದಿಲ್ಲ, ತೆರಿಗೆ ಮಾತ್ರ ಬೆಳೆದಿರುತ್ತದೆ.

ತೈಲ ಅಗ್ಗವಾದಾಗ ಬೋರ್ಡು ಯಾಕೆ ಇಳಿಯುವುದಿಲ್ಲ

ಪೆಟ್ರೋಲ್ ದರದ ಮೇಲಿನ ಸರ್ಕಾರದ ಹಿಡಿತ 2010ರ ಜೂನ್‌ನಲ್ಲಿ, ಡೀಸೆಲ್ ಮೇಲಿನದ್ದು 2014ರ ಅಕ್ಟೋಬರ್‌ನಲ್ಲಿ ಹೋಯಿತು. 2017ರ ಜೂನ್ 16ರಿಂದ ದಿನಾ ಬೆಳಿಗ್ಗೆ 6 ಗಂಟೆಗೆ ದರ ಪರಿಷ್ಕರಣೆ ಶುರುವಾಯಿತು. ಕಾಗದದ ಮೇಲೆ ಇದು ಸರಳ. ಕೊಲ್ಲಿ ಮಾರುಕಟ್ಟೆಯಲ್ಲಿ ದರ ಇಳಿದರೆ ಇಲ್ಲೂ ಇಳಿಯಬೇಕು, ಅಲ್ಲಿ ಏರಿದರೆ ಇಲ್ಲೂ ಏರಬೇಕು, ಅದೂ ಪೈಸೆ ಪೈಸೆಯಾಗಿ. ನಡೆದದ್ದು ಬೇರೆ.

2014ರ ಕೊನೆಯಿಂದ ಕಚ್ಚಾ ತೈಲ ಜಾರುತ್ತಾ ಹೋಯಿತು. 2014ರ ನವೆಂಬರ್‌ನಿಂದ 2016ರ ಜನವರಿವರೆಗೆ ಕೇಂದ್ರ ಒಂಬತ್ತು ಸಲ ಸುಂಕ ಏರಿಸಿತು. ಪೆಟ್ರೋಲ್ ಮೇಲೆ ಒಟ್ಟು 11.77 ರೂಪಾಯಿ, ಡೀಸೆಲ್ ಮೇಲೆ 13.47 ರೂಪಾಯಿ. ಇಳಿಕೆಯ ದೊಡ್ಡ ಪಾಲು ಖಜಾನೆಗೆ ಹೋಯಿತು, ಟಾಕಿಗೆ ಬಂದದ್ದು ಉಳಿದ ಚೂರು.

2020ರ ಕಥೆ ಇನ್ನೂ ಚೆನ್ನಾಗಿ ಅರ್ಥ ಮಾಡಿಸುತ್ತದೆ. ಲಾಕ್‌ಡೌನ್ ಹೊತ್ತಿಗೆ ತೈಲ ನೆಲಕಚ್ಚಿತ್ತು. ಮಾರ್ಚ್ ಮತ್ತು ಮೇ ತಿಂಗಳಲ್ಲಿ ಕೇಂದ್ರ ಸುಂಕ ಏರಿಸಿತು, ಎರಡೂ ಸೇರಿ ಪೆಟ್ರೋಲಿಗೆ 13, ಡೀಸೆಲಿಗೆ 16 ರೂಪಾಯಿ. ಪಂಪಿನಲ್ಲಿ ದರ ಬದಲಾಗಲಿಲ್ಲ, ಯಾಕಂದರೆ ತೈಲ ಇಳಿದ ಜಾಗದಲ್ಲಿ ಸುಂಕ ಬಂದು ಕೂತಿತ್ತು. ಜನರಿಗೆ ಗೊತ್ತಾಗಲೂ ಇಲ್ಲ. 82 ದಿನ ದರ ಪರಿಷ್ಕರಣೆಯೇ ನಿಂತಿತ್ತು. ಜೂನ್ 7ರಿಂದ ಶುರುವಾದದ್ದು ಸತತ 21 ದಿನ ಏರಿತು. ತೈಲ ಚೇತರಿಸಿಕೊಂಡಿತ್ತು, ಸುಂಕ ಅಲ್ಲೇ ಇತ್ತು. ಅದೇ ತಿಂಗಳು ದೆಹಲಿಯಲ್ಲಿ ಡೀಸೆಲ್ ಪೆಟ್ರೋಲನ್ನೂ ಮೀರಿಸಿತು.

2025ರ ಏಪ್ರಿಲ್‌ನ ಆ 2 ರೂಪಾಯಿ ಇದೇ ಜಾತಿಯದ್ದು. ಇವತ್ತು ಕಾಣದ ಸುಂಕ ನಾಳೆ ತೈಲ ಏರಿದ ದಿನ ಕಾಣುತ್ತದೆ. ಆಗ ಅದನ್ನು "ತೈಲ ಏರಿದ್ದಕ್ಕೆ" ಅನ್ನುತ್ತಾರೆ, ಅಷ್ಟೇ.

ಮತದಾನ ಮುಗಿದ ಮೇಲೆ

ಇನ್ನೊಂದು ಕಾರಣವನ್ನು ಯಾರೂ ಅಧಿಕೃತವಾಗಿ ಒಪ್ಪುವುದಿಲ್ಲ. ದಿನಾಂಕಗಳು ಮಾತ್ರ ಸುಮ್ನೆ ಇರುವುದಿಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2018ರ ಮೇ 12ರಂದು ವಿಧಾನಸಭೆಗೆ ಮತದಾನ. ಅದಕ್ಕೆ ಮುಂಚೆ ಸುಮಾರು 19 ದಿನ ದರ ಅಲ್ಲಾಡಲಿಲ್ಲ. ಮೇ 14ರಂದು ಏರಿಕೆ ಶುರು. 2021ರ ನವೆಂಬರ್ ಮೊದಲ ವಾರದಿಂದ 2022ರ ಮಾರ್ಚ್ 22ರ ತನಕ, ಅಂದರೆ ನಾಲ್ಕೂವರೆ ತಿಂಗಳು, ದರ ಅಲುಗಲಿಲ್ಲ. ಆ ಅವಧಿಯಲ್ಲೇ ಉತ್ತರ ಪ್ರದೇಶ, ಪಂಜಾಬ್ ಸೇರಿ ಐದು ರಾಜ್ಯಗಳ ಚುನಾವಣೆ ನಡೆಯಿತು. ಅದೇ ಅವಧಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿ ತೈಲ ಒಂದು ಹಂತದಲ್ಲಿ 139 ಡಾಲರ್ ಮುಟ್ಟಿತ್ತು. ಮಾರ್ಚ್ 22ರಿಂದ ಏಪ್ರಿಲ್ 6ರೊಳಗೆ 14 ಸಲ ಏರಿ, ಲೀಟರಿಗೆ 10 ರೂಪಾಯಿ ಜಾಸ್ತಿಯಾಯಿತು. 2024ರಲ್ಲಿ ಲೋಕಸಭೆ ಚುನಾವಣೆ ಘೋಷಣೆಯಾಗುವ ಮುನ್ನಾದಿನ, ಮಾರ್ಚ್ 15ರಿಂದ, 2 ರೂಪಾಯಿ ಇಳಿಯಿತು. ಫಲಿತಾಂಶ ಬಂದು ಹನ್ನೊಂದು ದಿನಕ್ಕೆ ಕರ್ನಾಟಕ ಸರ್ಕಾರ ತನ್ನ ತೆರಿಗೆ ಏರಿಸಿತು. ದೆಹಲಿಯಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಇನ್ನೊಂದು. ಕ್ಯಾಲೆಂಡರ್ ಮಾತ್ರ ಒಂದೇ.

ನಾರಾಯಣಪುರ ಡ್ಯಾಮಿನ ಗೇಟುಗಳ ಹಾಗೆ ಇದು. ನೀರು ದಿನಾ ಸ್ವಲ್ಪ ಸ್ವಲ್ಪ ಹರಿದಿದ್ದರೆ ಕೆಳಗಿನ ಹಳ್ಳಿಗೆ ಗೊತ್ತಾಗುತ್ತಿರಲಿಲ್ಲ. ತಡೆದು ನಿಲ್ಲಿಸಿ ಒಮ್ಮೆಲೇ ಬಿಟ್ಟಾಗ ದಂಡೆಯವರ ಹೊಲ ಮುಳುಗುತ್ತದೆ. ಚಾಲಕರು "ದಿಢೀರ್ ಏರಿಕೆ" ಅನ್ನುವುದು ಬಹಳ ಸಲ ತಿಂಗಳುಗಟ್ಟಲೆ ತಡೆದಿಟ್ಟ ಏರಿಕೆ.

ಯಾರು ಯಾರತ್ತ ಬೆರಳು ತೋರಿಸುತ್ತಾರೆ

ಕೇಂದ್ರದ ವಾದ ಇದು: 2021ರ ನವೆಂಬರ್‌ನಲ್ಲಿ ಪೆಟ್ರೋಲ್ ಮೇಲೆ 5, ಡೀಸೆಲ್ ಮೇಲೆ 10 ರೂಪಾಯಿ ಸುಂಕ ಇಳಿಸಿದ್ದೇವೆ, 2022ರ ಮೇ ತಿಂಗಳಲ್ಲಿ ಮತ್ತೆ 8 ಮತ್ತು 6 ರೂಪಾಯಿ ಇಳಿಸಿದ್ದೇವೆ, ರಾಜ್ಯಗಳೂ ಇಳಿಸಲಿ. ಮಾತು ಸುಳ್ಳಲ್ಲ. ಇಳಿಸಿದ್ದು 2020ರಲ್ಲಿ ಏರಿಸಿದ್ದನ್ನೇ ಎನ್ನುವುದನ್ನು ಮಾತ್ರ ಹೇಳುವುದಿಲ್ಲ.

ರಾಜ್ಯದ ವಾದ ಎರಡು. ಮೊದಲನೆಯದು, ಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲಿ ಇನ್ನೂ ಕಡಿಮೆಯೇ. 2021ರ ನವೆಂಬರ್‌ಗೂ ಮುಂಚೆ ಡೀಸೆಲ್ ಮೇಲೆ ಶೇ 24 ತೆರಿಗೆ ಇತ್ತು, ಈಗಿನದು ಅದಕ್ಕಿಂತ ಕಡಿಮೆ ಎಂದೂ ಸರ್ಕಾರ ಹೇಳಿತು. ಎರಡನೆಯದು ಹೆಚ್ಚು ಗಟ್ಟಿ. ಕೇಂದ್ರದ ಸುಂಕದಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದದ್ದು ಮೂಲ ಸುಂಕ ಮಾತ್ರ. ಅದು 2021ರ ಬಜೆಟ್‌ನಿಂದ ಪೆಟ್ರೋಲಿಗೆ 1.40, ಡೀಸೆಲಿಗೆ 1.80 ರೂಪಾಯಿ. ಉಳಿದದ್ದು ಸೆಸ್ ಮತ್ತು ವಿಶೇಷ ಸುಂಕದ ಹೆಸರಿನಲ್ಲಿ ಕೇಂದ್ರದಲ್ಲೇ ಉಳಿಯುತ್ತದೆ. 2025ರ ಏಪ್ರಿಲ್ ಹೊತ್ತಿಗೆ ಲೀಟರಿಗೆ ಇಪ್ಪತ್ತರ ಆಸುಪಾಸು ವಸೂಲಿ ಮಾಡಿ, ಹಂಚಿದ್ದು ಒಂದೂವರೆ ರೂಪಾಯಿಯ ಪಾಲು ಮಾತ್ರ ಎಂದರೆ ರಾಜ್ಯಗಳು ಸಿಟ್ಟಾಗುವುದು ಸಹಜ, ಅಲ್ವಾ? ಆ ಸಿಟ್ಟಿನ ಬಿಲ್ಲು ಡೀಸೆಲ್ ಹಾಕಿಸುವವನ ಹೆಸರಿಗೆ ಬರುವುದು ಮಾತ್ರ ಸರಿ ಅನ್ನಿಸುವುದಿಲ್ಲ.

ತೈಲ ಕಂಪನಿಗಳದ್ದು ಮೂರನೇ ಮಾತು: ತಡೆದಿಟ್ಟ ದಿನಗಳಲ್ಲಿ ನಾವು ನಷ್ಟ ಹೊತ್ತಿದ್ದೇವೆ. 2022ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಮೂರು ಸರ್ಕಾರಿ ಕಂಪನಿಗಳ ನಷ್ಟ ಒಟ್ಟು 18,480 ಕೋಟಿ ರೂಪಾಯಿ. ನಿಜ. 2023–24ರಲ್ಲಿ ಅದೇ ಮೂರು ಕಂಪನಿಗಳ ಲಾಭ ಸುಮಾರು 81 ಸಾವಿರ ಕೋಟಿ ಎನ್ನುವುದೂ ನಿಜ. ಆ ವರ್ಷದಲ್ಲಿ ಪಂಪಿನ ದರ ಇಳಿದದ್ದು ಚುನಾವಣೆಗೆ ಮುಂಚಿನ ಆ 2 ರೂಪಾಯಿ ಮಾತ್ರ.

ಎಲ್ಲವನ್ನೂ ಜಿಎಸ್‌ಟಿಗೆ ತಂದರೆ ಮುಗಿಯಿತಲ್ಲ ಎನ್ನುವವರು ಬಹಳ ಜನ. 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ನಡೆದ ಜಿಎಸ್‌ಟಿ ಮಂಡಳಿ ಸಭೆಯ ಮುಂದೆ ಈ ವಿಷಯ ಬಂದು, ಸಮಯ ಇನ್ನೂ ಬಂದಿಲ್ಲ ಎಂದು ಪಕ್ಕಕ್ಕೆ ಹೋಯಿತು. ರಾಜ್ಯಗಳು ತಾವೇ ದರ ನಿರ್ಧರಿಸಬಹುದಾದ ದೊಡ್ಡ ತೆರಿಗೆಗಳು ಉಳಿದಿರುವುದೇ ಕೆಲವು: ಇಂಧನ, ಮದ್ಯ, ನೋಂದಣಿ, ವಾಹನ. ಅದರಲ್ಲೊಂದನ್ನು ಬಿಟ್ಟುಕೊಡಲು ಯಾವ ಪಕ್ಷದ ಮುಖ್ಯಮಂತ್ರಿಯೂ ಮುಂದೆ ಬರುತ್ತಿಲ್ಲ. ಚಾಲಕರು ಇದನ್ನು ನೆಚ್ಚಿ ಕೂರುವುದರಲ್ಲಿ ಅರ್ಥ ಇಲ್ಲ.

ಗಡಿಯ ಲೆಕ್ಕ

ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ಒಂದು ಅನುಕೂಲ ಇದೆ, ಗಡಿ. ಬಸವಕಲ್ಯಾಣ, ಹುಮನಾಬಾದ್ ಮೇಲೆ ಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಒಂದೇ ದಿನದಲ್ಲಿ ಮೂರು ರಾಜ್ಯದ ದರ ನೋಡಬಹುದು. ಗುರುಮಠಕಲ್ ದಾಟಿದರೆ ನಾರಾಯಣಪೇಟೆ, ಸೇಡಂ ದಾಟಿದರೆ ತಾಂಡೂರು, ಅಫಜಲಪುರ ದಾಟಿದರೆ ಅಕ್ಕಲಕೋಟೆ.

2025ರ ಏಪ್ರಿಲ್ ಏರಿಕೆಯ ಹೊತ್ತಿಗೆ ಬೆಂಗಳೂರಿನಲ್ಲಿ ಡೀಸೆಲ್ 91.02, ಹೈದರಾಬಾದಿನಲ್ಲಿ 95.70. ಅಂತರ ನಾಲ್ಕೂವರೆಗಿಂತ ಜಾಸ್ತಿ. ಹೈದರಾಬಾದಿಗೆ ಹೋಗುವ ಲಾರಿ ಗಡಿ ದಾಟುವ ಮುಂಚೆ ಹುಮನಾಬಾದ್ ಕಡೆಯೇ 300 ಲೀಟರ್ ತುಂಬಿಸಿದರೆ 1,400 ರೂಪಾಯಿ ಉಳಿಯುತ್ತದೆ. ಇದು ಸಣ್ಣ ಮೊತ್ತವಲ್ಲ. ತೆಲಂಗಾಣದ ಗಾಡಿಗಳು ನಮ್ಮ ಗಡಿ ಪಂಪುಗಳಿಗೆ ಬರಲೂ ಇದೇ ಕಾರಣ. ಆ ಹೊತ್ತಿಗೆ ಮಹಾರಾಷ್ಟ್ರದ ಜೊತೆ ಡೀಸೆಲ್ ಅಂತರ ಪೈಸೆಗಳಿಗೆ ಇಳಿದಿತ್ತು. ಅಲ್ಲಿ ಲೆಕ್ಕ ಹಾಕುವುದೇ ದಂಡ.

ಗಡಿ ಪಂಪಿನವರ ಅಳಲು ಇಲ್ಲಿಂದಲೇ ಹುಟ್ಟುತ್ತದೆ. ಕರ್ನಾಟಕ ತೆರಿಗೆ ಏರಿಸಿದಾಗಲೆಲ್ಲ ಈ ಅಂತರ ಕರಗುತ್ತದೆ, ಹೊರರಾಜ್ಯದ ಟಾಕಿಗಳು ಕಡಿಮೆಯಾಗುತ್ತವೆ. ಹೊರಗಿನವರು ಇಲ್ಲಿ ತುಂಬಿಸಿಕೊಂಡು ಕೊಡುತ್ತಿದ್ದ ತೆರಿಗೆಯೂ ಹೋಗುತ್ತದೆ. "ಪಕ್ಕದವರಿಗಿಂತ ಕಡಿಮೆ" ಎಂಬ ಸರ್ಕಾರದ ಸಮರ್ಥನೆಗೆ ಹೀಗೊಂದು ಮಿತಿ ಇದೆ.

ಬೈಕು, ಕಾರಿನವರಿಗೆ ಗಡಿಯ ಆಸೆ ಬೇಡ. 5 ಲೀಟರ್ ಪೆಟ್ರೋಲಿನಲ್ಲಿ ಇಪ್ಪತ್ತು–ಇಪ್ಪತ್ತೈದು ರೂಪಾಯಿ ಉಳಿಸಲು ಇಪ್ಪತ್ತು ಕಿಲೋಮೀಟರ್ ಹೋಗಿಬಂದರೆ ಉಳಿಕೆ ದಾರಿಯಲ್ಲೇ ಸುಟ್ಟಿರುತ್ತದೆ. "ನಾಳೆ ಏರುತ್ತದಂತೆ" ಎಂದು ರಾತ್ರಿ ಪಂಪಿನ ಮುಂದೆ ಸಾಲು ನಿಲ್ಲುವುದೂ ಇಂಥದ್ದೇ. 3 ರೂಪಾಯಿ ಏರಿಕೆಗೆ ಸ್ಕೂಟರ್ ಟಾಕಿ ತುಂಬಿಸಿದರೆ ಉಳಿಯುವುದು 15 ರೂಪಾಯಿ, ಅದೂ ಒಂದೇ ಒಂದು ಸಲ. ಕ್ಯಾನಿನಲ್ಲಿ ಪೆಟ್ರೋಲ್ ತಂದು ಮನೆಯಲ್ಲಿ ಇಡುವವರೂ ಇದ್ದಾರೆ. ಮೇ ತಿಂಗಳ ಕಲಬುರಗಿ ಬಿಸಿಲು ಗೊತ್ತಿರುವವರು ಆ ಕೆಲಸ ಮಾಡಬಾರದು.

ಹತ್ತು ರೂಪಾಯಿ ಸೀಟಿನ ಸಂಕಟ

ನಿಜವಾದ ಸಿಕ್ಕು ಇರುವುದು ಇಲ್ಲಿ. ದರ ಏರುವುದು ಪೈಸೆ ಲೆಕ್ಕದಲ್ಲಿ. ಸೀಟಿನ ದರ ಏರುವುದು ಐದು, ಹತ್ತು ರೂಪಾಯಿ ಲೆಕ್ಕದಲ್ಲಿ.

ಕಲಬುರಗಿ ಸೂಪರ್ ಮಾರ್ಕೆಟ್ ಬಳಿ ಸೀಟು ಕೂಗುವ ಆಟೋವನ್ನೇ ತೆಗೆದುಕೊಳ್ಳಿ. ದಿನಕ್ಕೆ 100 ಕಿಲೋಮೀಟರ್ ಓಡುತ್ತದೆ, 25ರ ಎವರೇಜ್ ಕೊಡುತ್ತದೆ ಅನ್ನೋಣ. 4 ಲೀಟರ್ ಬೇಕು. ಪೆಟ್ರೋಲ್ 5 ರೂಪಾಯಿ ಏರಿದರೆ ದಿನಕ್ಕೆ 20 ರೂಪಾಯಿ, ತಿಂಗಳಿಗೆ 26 ದಿನ ಹಿಡಿದರೆ 520. ಒಂದು ದಿನದ ದುಡಿಮೆ ಹೋದ ಹಾಗೆ. ಇದನ್ನು ಸೀಟುಗಳ ಮೇಲೆ ಹಂಚಿದರೆ ಒಬ್ಬ ಪ್ರಯಾಣಿಕನ ಪಾಲಿಗೆ ಬರುವುದು ಐವತ್ತು ಪೈಸೆಯೋ ಎಂಬತ್ತು ಪೈಸೆಯೋ. ಹತ್ತು ರೂಪಾಯಿ ಸೀಟನ್ನು ಹತ್ತೂವರೆ ಮಾಡಲು ಬರುವುದಿಲ್ಲ. ಚಿಲ್ಲರೆಯೇ ಇಲ್ಲ. ಹದಿನೈದು ಮಾಡಿದರೆ ಪ್ರಯಾಣಿಕ ಜಗಳಕ್ಕೆ ನಿಲ್ಲುತ್ತಾನೆ, ಅವನ ಸಿಟ್ಟಿಗೂ ಕಾರಣ ಇದೆ, ಒಂದೇ ಏಟಿಗೆ ಅರ್ಧದಷ್ಟು ಏರಿದ ಹಾಗಾಯಿತಲ್ಲ. ಆದ್ದರಿಂದ ಸೀಟು ಹತ್ತರಲ್ಲೇ ವರ್ಷಗಟ್ಟಲೆ ನಿಲ್ಲುತ್ತದೆ. ನಡುವಿನ ಅಂತರವನ್ನೆಲ್ಲ ಚಾಲಕ ಕೊಡುತ್ತಾನೆ. ಕೊನೆಗೊಂದು ದಿನ ಎಲ್ಲರೂ ಸೇರಿ ಹದಿನೈದು ಮಾಡಿದಾಗ ಸುಲಿಗೆ ಅಂತ ಸುದ್ದಿಯಾಗುತ್ತದೆ.

ಇನ್ನೊಂದು ಒತ್ತಡವೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಹೆಣ್ಣುಮಕ್ಕಳಿಗೆ ಇದರಿಂದ ಆದ ಅನುಕೂಲ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಅದೇ ದಾರಿಯಲ್ಲಿ ಓಡುವ ಟಂಟಂ, ಕ್ರೂಸರ್‌ಗಳ ಕೈಯಲ್ಲಿ ಮಾತ್ರ ದರ ಏರಿಸುವ ಬಲ ಕುಗ್ಗಿತು. ಪಕ್ಕದಲ್ಲಿ ಉಚಿತ ಬಸ್ಸು ನಿಂತಿರುವಾಗ ಐದು ರೂಪಾಯಿ ಜಾಸ್ತಿ ಕೇಳುವುದು ಹೇಗೆ?

ಸರ್ಕಾರಿ ಬಸ್ಸಿಗೂ ದರ ತಡವಾಗಿಯೇ ಏರುತ್ತದೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಸೇರಿ ನಾಲ್ಕೂ ನಿಗಮಗಳ ಟಿಕೆಟ್ 2025ರ ಜನವರಿ 5ರಂದು ಶೇ 15 ಏರಿತು. ನಮ್ಮ ಭಾಗದಲ್ಲಿ ಅದಕ್ಕೂ ಮುಂಚಿನ ಏರಿಕೆ 2020ರದ್ದು. ಐದು ವರ್ಷದ ನಷ್ಟ ತುಂಬಲು ನಿಗಮದ ಬೆನ್ನಿಗೆ ಸರ್ಕಾರ ಇದೆ. ಕ್ರೂಸರ್ ಚಾಲಕನ ಬೆನ್ನಿಗೆ ಫೈನಾನ್ಸಿನವರ ಕಂತು ಇದೆ.

ಲಾರಿಯವರ ಲೆಕ್ಕ ಬೇರೆ

ಲಾರಿ ಓಡಿಸುವ ಖರ್ಚಿನಲ್ಲಿ ಅರ್ಧದಷ್ಟು ಡೀಸೆಲ್ಲೇ ಎನ್ನುವುದು ಈ ದಂಧೆಯಲ್ಲಿರುವವರ ಮಾಮೂಲಿ ಲೆಕ್ಕ. ಕಲಬುರಗಿಯಿಂದ ಹೈದರಾಬಾದಿಗೆ ತೊಗರಿ ಬೇಳೆ ಲೋಡು ಹೋಗಿ ಬರಲು ಸುಮಾರು 450 ಕಿಲೋಮೀಟರ್. 4ರ ಎವರೇಜ್ ಕೊಡುವ ಲಾರಿಗೆ 112 ಲೀಟರ್ ಬೇಕು. ಡೀಸೆಲ್ 5 ರೂಪಾಯಿ ಏರಿದರೆ ಟ್ರಿಪ್ಪಿಗೆ 560 ರೂಪಾಯಿ. ಬರುವಾಗ ಲೋಡು ಸಿಕ್ಕರೆ ಎರಡು ಬಾಡಿಗೆಯ ನಡುವೆ ಹಂಚಿಹೋಗುತ್ತದೆ. ಖಾಲಿ ವಾಪಸ್ ಬಂದರೆ ಹೋದ ಬಾಡಿಗೆಯೇ ಎಲ್ಲವನ್ನೂ ಹೊರಬೇಕು.

ಸೇಡಂ, ವಾಡಿ, ಮಳಖೇಡ ಕಡೆಯ ಸಿಮೆಂಟ್ ಸಾಗಣೆಯಂಥ ದೊಡ್ಡ ಕೆಲಸಗಳಲ್ಲಿ ಡೀಸೆಲ್ ಏರಿದರೆ ಬಾಡಿಗೆಯೂ ಇಷ್ಟು ಏರಬೇಕು ಎಂಬ ಷರತ್ತನ್ನು ಒಪ್ಪಂದದಲ್ಲಿ ಬರೆಯುವ ಪದ್ಧತಿ ಈ ಉದ್ಯಮಕ್ಕೆ ಹೊಸದಲ್ಲ. ಒಪ್ಪಂದ ಇರುವುದು ಕಂಪನಿ ಮತ್ತು ದೊಡ್ಡ ಟ್ರಾನ್ಸ್‌ಪೋರ್ಟರ್ ನಡುವೆ. ಅವನ ಕೆಳಗೆ ಒಂದೋ ಎರಡೋ ಲಾರಿ ಇಟ್ಟುಕೊಂಡು ಓಡಿಸುವವನ ಜೊತೆ ಇರುವುದು ಬಾಯಿಮಾತು. ಮೇಲೆ ಏರಿದ ಬಾಡಿಗೆ ಕೆಳಗೆ ಇಳಿದು ಬರುತ್ತದೋ ಇಲ್ಲವೋ ಎನ್ನುವುದು ಆ ವಾರ ಎಷ್ಟು ಲಾರಿಗಳು ಲೋಡಿಗೆ ಕಾದು ನಿಂತಿವೆ ಎನ್ನುವುದರ ಮೇಲೆ. ಲಾರಿ ಜಾಸ್ತಿ ಇದ್ದು ಲೋಡು ಕಡಿಮೆ ಇದ್ದರೆ ಹಳೇ ಬಾಡಿಗೆಗೇ ಯಾರಾದರೂ ಒಪ್ಪುತ್ತಾರೆ. ತೊಗರಿ ಮಾರುಕಟ್ಟೆಗೆ ಬರುವ ಡಿಸೆಂಬರ್–ಫೆಬ್ರುವರಿಯಲ್ಲಿ, ಭಾಲ್ಕಿ, ಹುಮನಾಬಾದ್ ಕಡೆ ಕಬ್ಬು ಕಡಿಯುವ ದಿನಗಳಲ್ಲಿ ಮಾತು ಚಾಲಕನ ಕಡೆ ತಿರುಗುತ್ತದೆ. ಬಾಡಿಗೆ ಮಾತಾಡಲು ಅದೇ ಸರಿಯಾದ ಹೊತ್ತು.

2022ರ ಮಾರ್ಚಿನ ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಪಂಪಿನ ದರ ತಡೆದಿಟ್ಟಿದ್ದ ಕಂಪನಿಗಳು ಸಗಟು ಡೀಸೆಲ್ ದರವನ್ನು ಮಾತ್ರ ಲೀಟರಿಗೆ ಸುಮಾರು 25 ರೂಪಾಯಿ ಏರಿಸಿದವು. ಸಗಟಿನಲ್ಲಿ ಕೊಳ್ಳುತ್ತಿದ್ದ ಸಾರಿಗೆ ನಿಗಮಗಳು ತಮ್ಮ ಬಸ್ಸುಗಳನ್ನು ಮಾಮೂಲಿ ಪಂಪುಗಳಿಗೆ ಕಳಿಸಿದವು. ಜಾಸ್ತಿ ಕೊಳ್ಳುವವನಿಗೆ ಜಾಸ್ತಿ ದರ! ತಡೆದಿಟ್ಟ ದರ ಎಲ್ಲಾದರೂ ಒಂದು ಕಡೆ ಉಕ್ಕಲೇಬೇಕು.

ಚಾಲಕನ ಕೈಯಲ್ಲಿರುವುದು

ಟೈರಿಗೆ ಗಾಳಿ, ಏರ್ ಫಿಲ್ಟರ್, ಕ್ಲಚ್ ಮೇಲೆ ಕಾಲಿಟ್ಟು ಓಡಿಸದಿರುವುದು, ಗಾಡಿ ನಿಂತಾಗ ಎಂಜಿನ್ ಬಂದ್ ಮಾಡುವುದು, ಇದೆಲ್ಲ ಎಲ್ಲರಿಗೂ ಗೊತ್ತು. ಕೇಂದ್ರದ ಪೆಟ್ರೋಲಿಯಂ ಸಂರಕ್ಷಣಾ ಸಂಸ್ಥೆ ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗ ಒಳ್ಳೆಯದು ಎಂದು ವರ್ಷಗಳಿಂದ ಹೇಳುತ್ತಿದೆ. ಇವುಗಳಿಂದ ಉಳಿಕೆ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಇದು ದರ ಏರಲಿ ಇಳಿಯಲಿ ಮಾಡಬೇಕಾದ ಕೆಲಸ, ಒಮ್ಮೆ ಮಾಡಿದರೆ ಅಲ್ಲಿಗೆ ಮುಗಿಯಿತು. ಮುಂದಿನ ಏರಿಕೆಗೆ ಮತ್ತೆ ಗಾಳಿ ತುಂಬಿಸಲು ಬರುವುದಿಲ್ಲ.

ಪೆಟ್ರೋಲ್ ಗಾಡಿಯವರು ಇನ್ನೊಂದನ್ನು ಗಮನಿಸಬೇಕು. ಈಗ ಪಂಪಿನಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಇದಕ್ಕೆ ತಯಾರಾಗದ ಹಳೇ ಕಾರುಗಳಲ್ಲಿ ಎವರೇಜ್ ಶೇ 6–7, ಬೈಕುಗಳಲ್ಲಿ ಶೇ 3–4 ಇಳಿಯಬಹುದು ಎಂದು 2021ರ ನೀತಿ ಆಯೋಗದ ವರದಿಯೇ ಅಂದಾಜು ಮಾಡಿತ್ತು. ಅಂದರೆ ಬೋರ್ಡಿನ ದರ ಏರದಿದ್ದರೂ ಕಿಲೋಮೀಟರ್ ಲೆಕ್ಕದ ಖರ್ಚು ಏರಿರಬಹುದು. ನಮ್ಮ ಭಾಗದ ಕಬ್ಬು ಬೆಳೆಗಾರನಿಗೆ ಎಥೆನಾಲ್ ಒಳ್ಳೆಯ ಸುದ್ದಿ. ಅದೇ ಊರಿನ ಹಳೇ ಕಾರಿನವನಿಗೆ ಅಷ್ಟಲ್ಲ.

ನಿಜಕ್ಕೂ ಕೆಲಸಕ್ಕೆ ಬರುವುದು ಒಂದು ಸಣ್ಣ ಭಾಗಾಕಾರ. ಏರಿದ ರೂಪಾಯಿಯನ್ನು ಗಾಡಿಯ ಎವರೇಜ್‌ನಿಂದ ಭಾಗಿಸಿ. ಡೀಸೆಲ್ 5 ರೂಪಾಯಿ ಏರಿದರೆ 4ರ ಎವರೇಜಿನ ಲಾರಿಗೆ ಕಿಲೋಮೀಟರಿಗೆ 1.25 ರೂಪಾಯಿ. 12 ಕೊಡುವ ಕ್ರೂಸರ್‌ಗೆ 42 ಪೈಸೆ. 15 ಕೊಡುವ ಸಣ್ಣ ಗೂಡ್ಸ್ ಗಾಡಿಗೆ 33 ಪೈಸೆ. "ಡೀಸೆಲ್ ಏರಿದೆ, ಬಾಡಿಗೆ ನೋಡಿ ಕೊಡ್ರಿ" ಎಂದರೆ ಎದುರಿನವರು ಸುಮ್ನೆ ನಗುತ್ತಾರೆ. "ಕಿಲೋಮೀಟರಿಗೆ ಸವಾ ರೂಪಾಯಿ ಏರಿದೆ, 450 ಕಿಲೋಮೀಟರಿಗೆ 560 ಆಗುತ್ತದೆ" ಎಂದರೆ ಚೌಕಾಸಿಗೆ ಒಂದು ನೆಲೆ ಸಿಗುತ್ತದೆ. ಇದಕ್ಕೆ ಎವರೇಜ್ ಗೊತ್ತಿರಬೇಕು, ಕಂಪನಿಯ ಜಾಹೀರಾತಿನದ್ದಲ್ಲ, ಸ್ವಂತ ಗಾಡಿ ಲೋಡು ಹೊತ್ತಾಗ ಕೊಡುವುದು. ಟಾಕಿ ಫುಲ್ ಮಾಡಿ, ಮೀಟರ್ ಬರೆದಿಟ್ಟು, ಮತ್ತೆ ಫುಲ್ ಮಾಡಿದಾಗ ಎಷ್ಟು ಹಿಡಿಯಿತು ನೋಡಿದರೆ ಸಾಕು.

ವರ್ಷದ ಗುತ್ತಿಗೆಗಳಲ್ಲಿ, ಶಾಲೆಯ ಮಕ್ಕಳ ವ್ಯಾನ್ ಇರಲಿ, ಕೂಲಿಯವರನ್ನು ಹೊಲಕ್ಕೆ ಬಿಡುವ ಗಾಡಿ ಇರಲಿ, ಇವತ್ತಿನ ಡೀಸೆಲ್ ದರ ಇಷ್ಟು ಎಂದು ಬರೆದು, ಅದಕ್ಕಿಂತ 3 ರೂಪಾಯಿ ಏರಿದರೂ ಇಳಿದರೂ ಬಾಡಿಗೆ ಇಷ್ಟು ಬದಲಾಗುತ್ತದೆ ಎಂದು ಒಂದು ಸಾಲು ಸೇರಿಸಬಹುದು. "ಇಳಿದರೂ" ಎನ್ನುವುದು ಮುಖ್ಯ. ಅದಿದ್ದರೆ ಎದುರಿನವರು ಸಹಿ ಹಾಕುವ ಸಾಧ್ಯತೆ ಜಾಸ್ತಿ.

ಏರಿಕೆಯನ್ನು ನುಂಗಿದರೆ ಏನಾಗುತ್ತದೆ

ಬಾಡಿಗೆ ಏರದಿದ್ದಾಗ ಚಾಲಕ ಬೇರೆ ಎಲ್ಲೋ ಉಳಿಸುತ್ತಾನೆ. ಮೊದಲು ಸರ್ವಿಸ್ ಮುಂದೆ ಹೋಗುತ್ತದೆ. ಆಯಿಲ್ ಬದಲಾಗುವುದಿಲ್ಲ, ಸವೆದ ಟೈರು ಇನ್ನೊಂದು ತಿಂಗಳು ಓಡುತ್ತದೆ. ನಂತರ ಗಂಟೆಗಳು ಬೆಳೆಯುತ್ತವೆ, ಹೆಲ್ಪರ್ ಇಲ್ಲದೆ ರಾತ್ರಿಯಿಡೀ ಓಡಿಸುತ್ತಾನೆ. ಕೊನೆಗೆ ಭಾರ. ಹತ್ತು ಜನ ಕೂರುವ ಕ್ರೂಸರ್‌ಗೆ ಹದಿನೆಂಟು ಜನ, ಟಪ್ಪಿನ ಮೇಲೆ ಬೇರೆ. ಹತ್ತಿ ಬಿಡಿಸಲು, ಭತ್ತ ನಾಟಿಗೆ ಶಹಾಪುರ, ಸುರಪುರದ ಕಡೆ ಕೂಲಿಯವರನ್ನು ತುಂಬಿಕೊಂಡು ಹೋಗುವ ಗಾಡಿಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಅಪಘಾತವಾದಾಗ "ಅತಿಭಾರ, ಚಾಲಕನ ನಿರ್ಲಕ್ಷ್ಯ" ಎಂದು ಬರೆಯುತ್ತಾರೆ. ತಪ್ಪು ಅವನದ್ದೂ ಹೌದು. ಎಂಟು ಸೀಟು ಯಾಕೆ ಜಾಸ್ತಿ ಬೇಕಾಯಿತು ಎನ್ನುವುದು ಪಂಚನಾಮೆಯಲ್ಲಿ ಬರುವುದಿಲ್ಲ.

ಬಾಡಿಗೆ ಏರಿದರೆ ಬೇಳೆ, ತರಕಾರಿ, ಸಿಮೆಂಟ್, ಶಹಾಬಾದ್ ಕಲ್ಲು ಎಲ್ಲದರ ಬೆಲೆಗೂ ಅದು ಸೇರುತ್ತದೆ. ಡೀಸೆಲ್ ಇಳಿದಾಗ ಅಷ್ಟೇ ಬೇಗ ಹೊರಬರುವುದಿಲ್ಲ. ಅಂಗಡಿಯವರು ಕಾದು ನೋಡುತ್ತಾರೆ, ನಾಳೆ ಮತ್ತೆ ಏರಿದರೆ ಅಂತ. ದರವನ್ನು ತಡೆದು ತಡೆದು ಬಿಡುವ ಪದ್ಧತಿಯೇ ಈ ಅನುಮಾನವನ್ನು ಕಲಿಸಿದೆ.

ದರ ಕಟ್ಟುವ ಅಧಿಕಾರ ಎಲ್ಲಿದೆ

ಆಟೋ ದರ ನಿಗದಿ ಮಾಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಬೆಂಗಳೂರಿನಲ್ಲಿ 2021ರ ಡಿಸೆಂಬರ್‌ನಲ್ಲಿ ಕನಿಷ್ಠ ದರ 30 ರೂಪಾಯಿ ಆಗಿತ್ತು. ಮುಂದಿನ ಏರಿಕೆ, 36 ರೂಪಾಯಿಗೆ, 2025ರ ಆಗಸ್ಟ್ 1ಕ್ಕೆ ಬಂತು. ಸಂಘಟನೆ ಗಟ್ಟಿ ಇರುವ ರಾಜಧಾನಿಯಲ್ಲೇ ಮೂರೂವರೆ ವರ್ಷಕ್ಕೂ ಜಾಸ್ತಿ ಹಿಡಿದರೆ, ಮೀಟರ್ ಹಾಕುವ ರೂಢಿಯೇ ಕಡಿಮೆ ಇರುವ ನಮ್ಮ ಊರುಗಳ ಗತಿ ಊಹಿಸಬಹುದು.

ಕಾನೂನಿನಲ್ಲಿ ಅಡ್ಡಿ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 67ನೇ ಕಲಂ ಪ್ರಕಾರ ಬಸ್ಸು, ಆಟೋ, ಟ್ಯಾಕ್ಸಿಗಳ ಜೊತೆಗೆ ಸರಕು ಸಾಗಣೆಯ ವಾಹನಗಳಿಗೂ ಗರಿಷ್ಠ, ಕನಿಷ್ಠ ಬಾಡಿಗೆ ನಿಗದಿ ಮಾಡುವಂತೆ ರಾಜ್ಯ ಸರ್ಕಾರ ನಿರ್ದೇಶನ ಕೊಡಬಹುದು. ಡೀಸೆಲ್ ಇಷ್ಟು ಏರಿದರೆ ಬಾಡಿಗೆ ಇಷ್ಟು ಎಂಬ ಸೂತ್ರವನ್ನು ಆ ಆದೇಶದಲ್ಲೇ ಸೇರಿಸಿದರೆ ಪ್ರತಿ ಸಲ ಮುಷ್ಕರ, ಮನವಿ, ಸಭೆ ಬೇಕಾಗುವುದಿಲ್ಲ. ವಿರೋಧಿಸುವವರೂ ಇದ್ದಾರೆ. ಕನಿಷ್ಠ ಬಾಡಿಗೆ ಕಟ್ಟಿದರೆ ಅದನ್ನು ಪಾಲಿಸುತ್ತಾರೆಂದು ನೋಡುವವರು ಯಾರು, ಲೋಡು ಕಡಿಮೆ ಇರುವ ದಿನ ಲಾರಿಯವರೇ ಗುಟ್ಟಾಗಿ ಕಡಿಮೆಗೆ ಒಪ್ಪುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಸರಕಿನ ವಿಷಯದಲ್ಲಿ ಆ ಪ್ರಶ್ನೆಗೆ ಬಲ ಇದೆ. ಆಟೋ, ಟಂಟಂ, ಕ್ರೂಸರ್ ಸೀಟಿನ ವಿಷಯದಲ್ಲಿ ಅಷ್ಟು ಬಲ ಇಲ್ಲ. ನಿಲ್ದಾಣದಲ್ಲೊಂದು ದರಪಟ್ಟಿ ತೂಗುಹಾಕಿ, ಅದನ್ನು ಆರು ತಿಂಗಳಿಗೊಮ್ಮೆ ಪಂಪಿನ ದರ ನೋಡಿ ತಿದ್ದಲು ಜಿಲ್ಲಾಡಳಿತಕ್ಕೆ ಬೇಕಾದದ್ದು ಒಂದು ಸಭೆ. ಕಲಬುರಗಿ, ಬೀದರ್, ಯಾದಗಿರಿ ಚಾಲಕರ ಸಂಘಗಳು ಮುಂದಿನ ಮನವಿಯಲ್ಲಿ "ದರ ಇಳಿಸಿ" ಎನ್ನುವುದರ ಕೆಳಗೆ ಈ ಬೇಡಿಕೆಯನ್ನೂ ಬರೆಯಬಹುದು. ಮೊದಲನೆಯದು ದೆಹಲಿಗೂ ಬೆಂಗಳೂರಿಗೂ ಹೋಗಬೇಕು. ಎರಡನೆಯದಕ್ಕೆ ಜಿಲ್ಲಾಧಿಕಾರಿ ಕಚೇರಿವರೆಗೆ ಹೋದರೆ ಸಾಕು.